ನಾಡದೋಣಿಯ ಬ್ಯಾಟರಿಗೂ ಒಂದು ಸಣ್ಣ ಸೋಲಾರ್ ಬೇಕು

ಕರಾವಳಿಯ ಯಾವ ದಡದಲ್ಲಿ ನಿಂತು ನೋಡಿದರೂ ಈ ಕೆಲಸ ಕಣ್ಣಿಗೆ ಬೀಳುತ್ತದೆ. ದೋಣಿ ದಡ ಸೇರಿತು, ಮೀನು ಇಳಿಯಿತು, ಬಲೆ ಕೊಡವಿ ಆಯಿತು. ಆಮೇಲೆ ಒಬ್ಬರು ಬಗ್ಗಿ ದೋಣಿಯೊಳಗಿನ ಬ್ಯಾಟರಿ ಎತ್ತುತ್ತಾರೆ. 100 ಎಎಚ್ ಬ್ಯಾಟರಿ ಎಂದರೆ ಸುಮಾರು 25ರಿಂದ 30 ಕಿಲೋ ಭಾರ. ಅದು ಹೆಗಲ ಮೇಲೋ ಬೈಕಿನ ಸೀಟಿನ ಮೇಲೋ ಮನೆಗೆ, ಇಲ್ಲವೇ ಚಾರ್ಜಿಂಗ್ ಅಂಗಡಿಗೆ ಹೋಗಬೇಕು. ಕಡಲಿಗೆ ಇಳಿಯುವ ಹೊತ್ತಿಗೆ ಮತ್ತೆ ದೋಣಿಗೆ ಬರಬೇಕು.

ದಿನಾ ಇಷ್ಟು ಭಾರ ಹೊರುವುದು ಯಾರಿಗಾದರೂ ಸಾಕಾಗುತ್ತದೆ. "ಇವತ್ತೊಂದು ದಿನ ಇದರಲ್ಲೇ ಹೋಗಲಿ" ಎಂದು ಅರ್ಧ ಖಾಲಿಯಾದ ಬ್ಯಾಟರಿ ಇಟ್ಟುಕೊಂಡೇ ಇಳಿಯುತ್ತಾರೆ. ಮರುದಿನವೂ ಹಾಗೇ. ಬ್ಯಾಟರಿ ಹಾಳಾಗುವುದು ಅಲ್ಲಿಂದ ಶುರು. ಹಾಳಾದ ಮೇಲೆ ಹೊಸದಕ್ಕೆ ಮತ್ತೆ ಸಂಘದ ಸಾಲ.

ನಾವು ಹೇಳಲು ಹೊರಟಿರುವುದು ಇಷ್ಟು. ರಾತ್ರಿ ಕಡಲಿಗೆ ಹೋಗುವ ಪ್ರತಿ ನಾಡದೋಣಿಯಲ್ಲೂ 20ರಿಂದ 50 ವಾಟ್‌ನ ಒಂದು ಸೋಲಾರ್ ಪ್ಯಾನೆಲ್ ಇರಬೇಕು. ಅದರ ಜೊತೆ ಚಾರ್ಜ್ ಕಂಟ್ರೋಲರ್ ಕಡ್ಡಾಯವಾಗಿ ಇರಬೇಕು. ಮೀನುಗಾರರಿಗೆ ಸುರಕ್ಷತೆಯ ಸಾಧನ ಕೊಡುವಾಗ ಸರ್ಕಾರ ಇದನ್ನೂ ಸೇರಿಸಿ ಕೊಡಬೇಕು. ಸರ್ಕಾರ ಕೊಡುವವರೆಗೆ ನಮ್ಮ ಮೀನುಗಾರರ ಸಹಕಾರ ಸಂಘಗಳು ಕಾಯುತ್ತ ಕೂರಬಾರದು.

ಸಣ್ಣ ದೋಣಿಗೆ ಬ್ಯಾಟರಿ ಯಾಕೆ?

ಟ್ರಾಲ್ ಬೋಟಿನಲ್ಲಿ ದೊಡ್ಡ ಡೀಸೆಲ್ ಇಂಜಿನ್ ಇದೆ. ಇಂಜಿನ್ ಓಡುತ್ತಿದ್ದರೆ ಅದರ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬಿಸುತ್ತಲೇ ಇರುತ್ತದೆ. ನಾಡದೋಣಿಯ ಕಥೆ ಬೇರೆ. ಹಗ್ಗ ಎಳೆದು ಶುರು ಮಾಡುವ ಅನೇಕ ಔಟ್‌ಬೋರ್ಡ್ ಇಂಜಿನ್‌ಗಳಿಗೆ ಬ್ಯಾಟರಿ ಚಾರ್ಜ್ ಮಾಡುವ ಏರ್ಪಾಡೇ ಇರುವುದಿಲ್ಲ. ಆದರೆ ಅಗತ್ಯಗಳು ದೊಡ್ಡ ಬೋಟಿನವೇ: ದೀಪ, ಜಿಪಿಎಸ್, ಮೀನು ಹುಡುಕುವ ಫಿಶ್ ಫೈಂಡರ್, ವೈರ್‌ಲೆಸ್, ನಾಲ್ಕು ಜನರ ಮೊಬೈಲು.

ಇವುಗಳಲ್ಲಿ ಮೊದಲು ಬೇಕಾದದ್ದು ದೀಪ. ಹಡಗು, ದೊಡ್ಡ ಬೋಟು ಓಡಾಡುವ ನೀರಿನಲ್ಲಿ ಬಲೆ ಬಿಟ್ಟು ಕೂತ ಸಣ್ಣ ದೋಣಿಗೆ ಕತ್ತಲಲ್ಲಿ ದೀಪವೇ ಗುರುತು. ದೀಪ ಇಲ್ಲದ ದೋಣಿ ಮೇಲಿನಿಂದ ನೋಡುವವರಿಗೆ ಅಲೆಯ ನಡುವೆ ಕಾಣುವುದೇ ಇಲ್ಲ. ಹಡಗುಗಳು ಡಿಕ್ಕಿಯಾಗದಂತೆ ಮಾಡಿರುವ ಅಂತರರಾಷ್ಟ್ರೀಯ ನಿಯಮಗಳು 7 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಕೆಲವು ರಿಯಾಯಿತಿ ಕೊಟ್ಟಿವೆ. ಆದರೆ ಹಡಗುಗಳು ಓಡಾಡುವ ನೀರಿನಲ್ಲಿ ದೀಪವೇ ಬೇಡ ಎಂದು ಅವು ಹೇಳಿಲ್ಲ.

ಇನ್ನೊಂದು ಸಂಗತಿಯನ್ನೂ ನೋಡಿ. ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ಮೀನುಗಾರಿಕೆ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಕಾರ್ಯಕ್ರಮಕ್ಕೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿತು. ಅದಕ್ಕೆ 364 ಕೋಟಿ ರೂಪಾಯಿ ಇಡಲಾಗಿದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಸಂದೇಶ ಕಳಿಸಲು, ಹವಾಮಾನದ ಎಚ್ಚರಿಕೆ ಪಡೆಯಲು ಇದು ನೆರವಾಗುತ್ತದೆ. ಒಳ್ಳೆಯ ಕೆಲಸ, ಸ್ವಾಗತಿಸೋಣ. ಆದರೆ ಯಾವ ಸಾಧನವೇ ಆಗಲಿ, ಕೊನೆಗೆ ಅದಕ್ಕೆ ಕರೆಂಟು ಬೇಕು. ಕಡಲಿನ ನಡುವೆ ಬ್ಯಾಟರಿ ಕೈಕೊಟ್ಟರೆ ಲಕ್ಷದ ಸಾಧನವೂ ಬರೀ ಪ್ಲಾಸ್ಟಿಕ್ ಡಬ್ಬಿ.

"ಕರೆಂಟು ಬಿಟ್ಟಿ ಇದೆಯಲ್ಲ?"

ಸೋಲಾರ್ ಮಾತೆತ್ತಿದರೆ ಧಕ್ಕೆಯಲ್ಲಿ ಮೊದಲು ಬರುವ ಪ್ರಶ್ನೆ ಇದು. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಮನೆಗೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಪೂರ್ತಿ ಖಾಲಿಯಾದ 100 ಎಎಚ್ ಬ್ಯಾಟರಿ ತುಂಬಿಸಲು ಹೆಚ್ಚೆಂದರೆ ಒಂದೂವರೆ ಯೂನಿಟ್ ಸಾಕು. ದುಡ್ಡು ಕೊಟ್ಟರೂ ಹತ್ತು ಹನ್ನೆರಡು ರೂಪಾಯಿ ಮಾತು. ಅದಕ್ಕೆ ಪ್ಯಾನೆಲ್ ಯಾಕೆ?

ಪ್ರಶ್ನೆ ಸರಿಯಾಗಿಯೇ ಇದೆ. ಪ್ಯಾನೆಲ್‌ನಿಂದ ಕರೆಂಟಿನ ಲೆಕ್ಕದಲ್ಲಿ ಉಳಿಯುವುದು ಚಿಲ್ಲರೆ ಕಾಸು. ನಿಜವಾಗಿ ಉಳಿಯುವುದು ಬ್ಯಾಟರಿ.

ಸೀಸದ ಬ್ಯಾಟರಿಯ ಸ್ವಭಾವ ಹೀಗಿದೆ. ತುಂಬಿದ ಸ್ಥಿತಿಯಲ್ಲಿ ಇದ್ದಷ್ಟೂ ಅದಕ್ಕೆ ಆಯಸ್ಸು. ಅರೆ ಖಾಲಿ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟ್ ಹರಳು ಕಟ್ಟುತ್ತದೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ದಿನಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಹೊತ್ತು ಚಾರ್ಜಿಗೆ ಇಟ್ಟರೂ ಬ್ಯಾಟರಿ ಹಳೆಯಷ್ಟು ಹಿಡಿದುಕೊಳ್ಳುವುದಿಲ್ಲ. "ರಾತ್ರಿಯಿಡೀ ಚಾರ್ಜ್ ಮಾಡಿದರೂ ಎರಡು ಗಂಟೆಗೆ ದೀಪ ಮಂಕಾಯ್ತು" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಮೇಲಾಗಿ ಅನೇಕ ದೋಣಿಗಳಲ್ಲಿ ಇರುವುದು ಲಾರಿ, ಕಾರಿನ ಬ್ಯಾಟರಿ. ಅದನ್ನು ಮಾಡಿರುವುದು ಇಂಜಿನ್ ಶುರು ಮಾಡುವಾಗ ಒಂದೆರಡು ಸೆಕೆಂಡ್ ಜೋರು ಕರೆಂಟು ಕೊಡಲಿಕ್ಕೆ. ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಖಾಲಿಯಾಗುತ್ತಾ ಹೋಗುವ ಕೆಲಸ ಅದಕ್ಕೆ ಒಗ್ಗುವುದಿಲ್ಲ. ಮನೆಯ ಇನ್‌ವರ್ಟರಿಗೆ, ಸೋಲಾರಿಗೆ ಬಳಸುವ ಟ್ಯುಬುಲರ್ ಬ್ಯಾಟರಿ ಈ ಕೆಲಸಕ್ಕೆ ಮೇಲು. ಅದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಇನ್ನೂ ಬಾಳಿಕೆ.

ದೋಣಿ ದಡದಲ್ಲಿ ನಿಂತಾಗಲೆಲ್ಲ ಪ್ಯಾನೆಲ್ ತನ್ನ ಪಾಡಿಗೆ ತಾನು ಬ್ಯಾಟರಿಯನ್ನು ತುಂಬಿಸುತ್ತಿರುತ್ತದೆ. ಯಾರೂ ಹೊರಬೇಕಾಗಿಲ್ಲ, ನೆನಪಿಟ್ಟುಕೊಳ್ಳಬೇಕಾಗಿಲ್ಲ. ಬಿಟ್ಟಿ ಕರೆಂಟಿಗೆ ಈ ಗುಣ ಇಲ್ಲ. ಅದು ಮನೆಯ ಗೋಡೆಯಲ್ಲಿದೆ, ದೋಣಿ ಮರಳಿನ ಮೇಲಿದೆ.

ಲೆಕ್ಕ ಹಾಕೋಣ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಈ ಲೆಕ್ಕ ಬರೆದುಕೊಳ್ಳಿ. 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸಾಧನದ ವಾಟ್ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಅದನ್ನು ಎಷ್ಟು ಗಂಟೆ ಬಳಸುತ್ತೀರೋ ಅದರಿಂದ ಗುಣಿಸಿದರೆ ಎಎಚ್, ಅಂದರೆ ಆಂಪಿಯರ್ ಅವರ್.

ಒಂದು ರಾತ್ರಿಯ ಖರ್ಚು ಸುಮಾರು ಹೀಗೆ:

5 ವಾಟ್‌ನ ಎಲ್‌ಇಡಿ ಬಲ್ಬ್, 8 ಗಂಟೆ: 3 ಎಎಚ್‌ಗಿಂತ ಸ್ವಲ್ಪ ಹೆಚ್ಚು.
ಸಣ್ಣ ಜಿಪಿಎಸ್ ಅಥವಾ ಫಿಶ್ ಫೈಂಡರ್, 8 ವಾಟ್‌ನಂತೆ 6 ಗಂಟೆ: 4 ಎಎಚ್.
ಎರಡು ಮೊಬೈಲ್ ಪೂರ್ತಿ ಚಾರ್ಜ್: 4 ಎಎಚ್.

ಒಟ್ಟು 11ರಿಂದ 12 ಎಎಚ್.

ಈಗ ಪ್ಯಾನೆಲ್ ಕೊಡುವುದೆಷ್ಟು ನೋಡೋಣ. ಇಲ್ಲಿ ಅನೇಕರು ಎಡವುತ್ತಾರೆ. ಪ್ಯಾನೆಲ್‌ನ ವಾಟ್ ಅನ್ನು 12ರಿಂದ ಭಾಗಿಸಬಾರದು, 18ರಿಂದ ಭಾಗಿಸಬೇಕು. 12 ವೋಲ್ಟಿನದು ಎಂದು ಮಾರುವ ಪ್ಯಾನೆಲ್ ಬಿಸಿಲಿನಲ್ಲಿ 17-18 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಅಗ್ಗದ ಕಂಟ್ರೋಲರ್‌ನಲ್ಲಿ ಹೆಚ್ಚಿನ ವೋಲ್ಟ್ ಸುಮ್ಮನೆ ಸೋರಿ ಹೋಗುತ್ತದೆ. ಹಾಗಾಗಿ 20 ವಾಟ್ ಪ್ಯಾನೆಲ್‌ನಿಂದ ಸಿಗುವುದು 1 ಆಂಪಿಯರ್ ಚಿಲ್ಲರೆ. ಒಳ್ಳೆಯ ಬಿಸಿಲು ದಿನಕ್ಕೆ 5 ಗಂಟೆ ಎಂದು ಹಿಡಿದರೆ 5 ಎಎಚ್. 50 ವಾಟ್ ಪ್ಯಾನೆಲ್‌ನಿಂದ ಸೋರಿಕೆ ಕಳೆದು ಸುಮಾರು 12 ಎಎಚ್.

ದೀಪ ಮತ್ತು ಒಂದು ಮೊಬೈಲ್ ಮಾತ್ರ ಸಾಕು ಎನ್ನುವವರಿಗೆ 20 ವಾಟ್ ಆದೀತು. ಜಿಪಿಎಸ್, ಫಿಶ್ ಫೈಂಡರ್ ಇಟ್ಟುಕೊಂಡು ರಾತ್ರಿ ಹೋಗುವವರಿಗೆ 50 ವಾಟ್ ಬೇಕು. 100 ಎಎಚ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೂ ಬಿಸಿಲೇ ಇಲ್ಲದ ನಾಲ್ಕು ರಾತ್ರಿ ತಳ್ಳಬಹುದು.

ಮಳೆಗಾಲದ ಮಾತು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ಕಡಲು ಅತಿ ಒರಟಾಗಿರುವ, ಮೋಡ ಕವಿದಿರುವ ದಿನಗಳಲ್ಲಿ ಹೊರಗಿರುವುದು ಸಣ್ಣ ದೋಣಿಗಳೇ. ದೀಪ ಹೆಚ್ಚು ಬೇಕಾಗುವ ಹೊತ್ತಿಗೇ ಬಿಸಿಲು ಕಡಿಮೆ.

ಇದನ್ನು ಮುಚ್ಚಿಟ್ಟು ಸೋಲಾರ್ ಹೊಗಳಬಾರದು. ಜಡಿಮಳೆಯ ವಾರದಲ್ಲಿ 50 ವಾಟ್ ಪ್ಯಾನೆಲ್ ಬೇಸಿಗೆಯ ಅರ್ಧದಷ್ಟು ಕೊಟ್ಟರೆ ಹೆಚ್ಚು. ಆಗ ದೀಪ ಮತ್ತು ವೈರ್‌ಲೆಸ್‌ಗೆ ಮೊದಲ ಪಾಲು, ಮೊಬೈಲಿನಲ್ಲಿ ಸಿನಿಮಾ ನೋಡುವುದಕ್ಕೆ ರಜೆ. ವಾರಕ್ಕೊಮ್ಮೆ ಮನೆಯ ಕರೆಂಟಿನಲ್ಲಿ ಪೂರ್ತಿ ತುಂಬಿಸಲೇಬೇಕು. ಪ್ಯಾನೆಲ್ ಇದೆ ಎಂದು ಚಾರ್ಜರ್ ಮಾರಿಬಿಡಬೇಡಿ.

ದಡಕ್ಕೆ ಎಳೆದಿಟ್ಟ ದೋಣಿಯ ಮಾತು ಬೇರೆ. ಸುಮ್ಮನೆ ಇಟ್ಟರೂ ಬ್ಯಾಟರಿ ತಿಂಗಳಿಗೆ 3ರಿಂದ 5 ಪಾಲು ತಾನಾಗಿಯೇ ಇಳಿಯುತ್ತದೆ. ಹಳೆಯದಾದರೆ ಇನ್ನೂ ಹೆಚ್ಚು. ಎರಡು ತಿಂಗಳು ಗಮನಿಸದೆ ಬಿಟ್ಟ ಬ್ಯಾಟರಿ ಆಗಸ್ಟ್‌ನಲ್ಲಿ ಕೈಕೊಡುವುದು ಇದಕ್ಕೇ. ನಿಂತ ಬ್ಯಾಟರಿಯನ್ನು ಕಾಯಲು 10 ವಾಟ್ ಪ್ಯಾನೆಲ್ ಧಾರಾಳ ಸಾಕು. ತಿಂಗಳಿಗೆ ಬೇಕಾದ 5 ಎಎಚ್ ಅನ್ನು ಮೋಡದ ದಿನಗಳಲ್ಲೂ ಅದು ಕೂಡಿಸಿಬಿಡುತ್ತದೆ. ಪ್ಯಾನೆಲ್ ಇಲ್ಲದವರು ಬ್ಯಾಟರಿಯನ್ನು ಮನೆಯೊಳಗೆ ತಂದಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರೂ ನಡೆಯುತ್ತದೆ.

ಕಂಟ್ರೋಲರ್ ಬಿಟ್ಟರೆ ಕೆಟ್ಟಿರಿ

"ಸೋಲಾರ್ ಹಾಕಿದ್ದೆವು, ಬ್ಯಾಟರಿಯೇ ಸುಟ್ಟುಹೋಯ್ತು" ಎನ್ನುವವರೂ ಇದ್ದಾರೆ. ಅಂಥ ಕಡೆ ಪ್ಯಾನೆಲ್ ತಂತಿಯನ್ನು ನೇರ ಬ್ಯಾಟರಿಗೆ ಕಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು. ತುಂಬಿದ ಮೇಲೂ ಪ್ಯಾನೆಲ್ ತಳ್ಳುತ್ತಲೇ ಇದ್ದರೆ ಬ್ಯಾಟರಿಯ ನೀರು ಆವಿಯಾಗಿ ತಗಡು ಒಣಗುತ್ತದೆ. ತುಂಬಿತು ಎಂದಾಗ ತಡೆಯುವುದು, ತೀರಾ ಖಾಲಿಯಾಗುವ ಮೊದಲು ದೀಪ ಕಡಿತ ಮಾಡುವುದು ಕಂಟ್ರೋಲರ್ ಕೆಲಸ. ಸಣ್ಣ ಪಿಡಬ್ಲ್ಯುಎಂ ಕಂಟ್ರೋಲರಿನ ಬೆಲೆ ಬ್ಯಾಟರಿ ಬೆಲೆಯ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಅದನ್ನು ಉಳಿಸಲು ಹೋಗಿ ಬ್ಯಾಟರಿ ಕಳೆದುಕೊಳ್ಳಬೇಡಿ. ಲಿಥಿಯಂ ಬ್ಯಾಟರಿ ಇದ್ದವರು ಅದಕ್ಕೆ ಹೊಂದುವ ಕಂಟ್ರೋಲರನ್ನೇ ಕೇಳಿ ತರಬೇಕು.

ಜೋಡಿಸುವಾಗ ನೆನಪಿಡಬೇಕಾದವು:

ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಜೋಡಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಇದರ ಉಲ್ಟಾ.

ಬ್ಯಾಟರಿಯ ಪ್ಲಸ್ ತಂತಿಗೆ ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್ ಹಾಕಿ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಕಿಡಿ ತಾಗಿದರೆ ಸಿಡಿಯುತ್ತದೆ. ಬ್ಯಾಟರಿ ಪೆಟ್ಟಿಗೆಗೆ ಗಾಳಿಯಾಡುವ ತೂತು ಇರಲಿ, ಕಂಟ್ರೋಲರನ್ನು ಬೇರೆ ಮುಚ್ಚಿದ ಡಬ್ಬಿಯಲ್ಲಿ ಇಡಿ. ಬೀಡಿ, ಸ್ಟೋವ್ ದೂರ ಇರಲಿ.

ಉಪ್ಪು ನೀರು ಬ್ಯಾಟರಿಯೊಳಗೆ ಸೇರಬಾರದು. ಆಸಿಡ್ ಜೊತೆ ಸೇರಿ ಕ್ಲೋರಿನ್ ವಿಷಾನಿಲ ಬರುತ್ತದೆ. ಪೆಟ್ಟಿಗೆಯನ್ನು ಅಲೆಗೆ ಉರುಳದಂತೆ ಗಟ್ಟಿಯಾಗಿ ಕಟ್ಟಿ.

ಟರ್ಮಿನಲ್‌ಗೆ ವ್ಯಾಸಲೀನ್ ಹಚ್ಚಿ. ಪ್ಯಾನೆಲ್ ಮೇಲಿನ ಉಪ್ಪು, ಹಕ್ಕಿ ಹಿಕ್ಕೆಯನ್ನು ಸಿಹಿನೀರಿನಲ್ಲಿ ತೊಳೆಯಿರಿ.

ಪ್ಯಾನೆಲ್‌ನ ಒಂದು ಮೂಲೆಗೆ ಬಲೆಯೋ ಬಾವುಟದ ಕೋಲೋ ನೆರಳು ಹಾಕಿದರೂ ಕರೆಂಟು ಬಹಳ ಇಳಿಯುತ್ತದೆ. ಒಳಗಿನ ಬಿಲ್ಲೆಗಳೆಲ್ಲ ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುತ್ತವೆ, ಒಂದು ಸೊರಗಿದರೆ ಉಳಿದವೂ ಸೊರಗುತ್ತವೆ.

ಬ್ಯಾಟರಿ ಎಷ್ಟು ತುಂಬಿದೆ ಎಂದು ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಎರಡು ಮೂರು ಗಂಟೆ ಸುಮ್ಮನಿದ್ದ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ. 12.2ರ ಹತ್ತಿರ ಅರ್ಧ. 12ಕ್ಕಿಂತ ಕೆಳಗಿದ್ದರೆ ಕಡಲಿಗೆ ಒಯ್ಯಬೇಡಿ, ಮೊದಲು ಚಾರ್ಜ್ ಮಾಡಿ.

ಇದರಿಂದ ಆಗದ ಕೆಲಸಗಳು

ಈ ಪ್ಯಾನೆಲ್‌ನಿಂದ ಇಂಜಿನ್ ಓಡುವುದಿಲ್ಲ. 10 ಅಶ್ವಶಕ್ತಿ ಎಂದರೆ ಸುಮಾರು 7,460 ವಾಟ್. ನಮ್ಮ 50 ವಾಟ್ ಪ್ಯಾನೆಲ್ 150 ಜೋಡಿಸಿದರೆ ಅಷ್ಟಾಗುತ್ತದೆ. ಕೇರಳದ ವೈಕಂನಲ್ಲಿ 2017ರಿಂದ 75 ಜನರನ್ನು ಹೊತ್ತು ಹಿನ್ನೀರು ದಾಟಿಸುತ್ತಿರುವ 'ಆದಿತ್ಯ' ದೋಣಿ ಸೋಲಾರಿನಲ್ಲೇ ಓಡುತ್ತದೆ, ನಿಜ. ಆದರೆ ಅದರ ಮಾಡಿನ ತುಂಬ 20 ಕಿಲೋವಾಟ್‌ನ ಪ್ಯಾನೆಲ್‌ಗಳಿವೆ. ಮೀನು ಹಿಡಿಯುವ ತೆರೆದ ನಾಡದೋಣಿಯ ಮೇಲೆ ಅಷ್ಟು ಜಾಗ ಎಲ್ಲಿದೆ? ಸೀಮೆಎಣ್ಣೆ, ಪೆಟ್ರೋಲಿನ ಖರ್ಚು ಇಳಿಸುತ್ತದೆ ಎಂದು ಹೇಳಿ ಯಾರಾದರೂ ಸಣ್ಣ ಪ್ಯಾನೆಲ್ ಮಾರಲು ಬಂದರೆ ನಂಬಬೇಡಿ.

ಲೈಟ್ ಫಿಶಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ. ಜನರೇಟರ್ ಇಟ್ಟು ಪ್ರಖರ ಎಲ್‌ಇಡಿ ಬೆಳಕಿನಲ್ಲಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಆ ಬೆಳಕಿನಿಂದ ಹೆಚ್ಚು ಪೆಟ್ಟು ತಿಂದವರು ನಾಡದೋಣಿಯವರೇ. ನಾವು ಕೇಳುತ್ತಿರುವುದು ಐದು ವಾಟ್‌ನ ಬೆಳಕು, ಮೀನಿಗೆ ಕಾಣಲಿ ಎಂದಲ್ಲ, ಹಡಗಿಗೆ ಕಾಣಲಿ ಎಂದು.

ಕಳ್ಳತನದ ಭಯ ಸುಳ್ಳಲ್ಲ. 50 ವಾಟ್ ಪ್ಯಾನೆಲ್ ನಾಲ್ಕೈದು ಕಿಲೋ ಅಷ್ಟೇ, ದಿನಾ ಮನೆಗೆ ಒಯ್ದರೂ ಆದೀತು. ಆದರೆ ದೋಣಿಯಲ್ಲೇ ಇದ್ದರೆ ತಾನೇ ಲಾಭ? ಅದಕ್ಕೆ ಬಿಚ್ಚಲು ಬಾರದ ನಟ್ಟು, ಪ್ಯಾನೆಲ್ ಹಿಂದೆ ದೊಡ್ಡದಾಗಿ ದೋಣಿಯ ನಂಬರು, ದಡದಲ್ಲಿ ಸರದಿಯ ಕಾವಲು ಇರಲಿ. ಬಲೆ ಕಾಯುವ ಊರಿಗೆ ಪ್ಯಾನೆಲ್ ಕಾಯುವುದು ಕಷ್ಟವೇ?

ಮಾಡಿಗಿದೆ, ಪಂಪಿಗಿದೆ, ದೋಣಿಗಿಲ್ಲ

ಸೋಲಾರ್ ಎಂದರೆ ನಮ್ಮ ರಾಜ್ಯದಲ್ಲಿ ತಕ್ಷಣ ನೆನಪಾಗುವುದು ಪಾವಗಡ. ಸುಮಾರು 13,000 ಎಕರೆ, 2,050 ಮೆಗಾವಾಟ್. ಮನೆಯ ಮಾಡಿಗೆ 2024ರಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ರೈತರ ಪಂಪ್‌ಸೆಟ್‌ಗೆ ಕುಸುಮ್ ಇದೆ. ದೋಣಿ ಮಾಡೂ ಅಲ್ಲ, ಪಂಪೂ ಅಲ್ಲ. ಹಾಗಾಗಿ ಈ ಎರಡರಲ್ಲೂ ಅದು ಬರುವುದಿಲ್ಲ.

ನಮ್ಮ ಬೇಡಿಕೆ ಹೊಸ ಯೋಜನೆಯಲ್ಲ. ವೈರ್‌ಲೆಸ್, ಟ್ರಾನ್ಸ್‌ಪಾಂಡರ್, ಲೈಫ್ ಜಾಕೆಟ್ ಕೊಡುವ ಕೈಯೇ ಅದರ ಜೊತೆ ಒಂದು 50 ವಾಟ್ ಪ್ಯಾನೆಲ್, ಕಂಟ್ರೋಲರ್, ಫ್ಯೂಸ್ ಕೂಡಿಸಿ ಕೊಡಲಿ. ಸಾಧನ ಕೊಟ್ಟು ಕರೆಂಟು ಕೊಡದಿರುವುದು ಬಾವಿ ತೋಡಿ ಹಗ್ಗ ಕೊಡದ ಹಾಗೆ.

ಕೊಟ್ಟರಷ್ಟೇ ಸಾಲದು, ಕೆಟ್ಟಾಗ ಬಂದು ನೋಡುವವರೂ ಬೇಕು. ಕರ್ನಾಟಕದ ಹಳ್ಳಿಗಳಿಗೆ ಇದು ಗೊತ್ತಿರುವ ಪಾಠ. 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಬ್ಯಾಂಕ್ ಸಾಲದ ಮೂಲಕ ಬಡವರ ಮನೆಗೆ ಸೋಲಾರ್ ದೀಪ ಮುಟ್ಟಿಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕಂತಿನ ಸಾಲ ಮತ್ತು ಮನೆ ಬಾಗಿಲಿಗೆ ಬರುವ ರಿಪೇರಿ, ಇವೆರಡೂ ಇದ್ದದ್ದರಿಂದ ಆ ದೀಪಗಳು ಉರಿದವು. ದೋಣಿಗೂ ಇವೇ ಎರಡು ಬೇಕು.

ಇದನ್ನು ಮಾಡಬಲ್ಲವು ನಮ್ಮ ಮೀನುಗಾರರ ಸಹಕಾರ ಸಂಘಗಳು. 50 ದೋಣಿಗೆ ಒಟ್ಟಿಗೆ ಕೊಂಡರೆ ದರದಲ್ಲೂ ಚೌಕಾಸಿ ಮಾಡಬಹುದು, ಗ್ಯಾರಂಟಿ ಕಾರ್ಡಿಗೂ ಬೆಲೆ ಬರುತ್ತದೆ. ಮೀನು ಮಾರಿದ ಹಣದಲ್ಲಿ ವಾರದ ಕಂತು ಮುರಿದುಕೊಳ್ಳಬಹುದು. ಊರಿನ ಐಟಿಐ ಓದಿದ ಇಬ್ಬರು ಹುಡುಗರಿಗೋ ಹುಡುಗಿಯರಿಗೋ ನಾಲ್ಕು ದಿನ ತರಬೇತಿ ಕೊಟ್ಟರೆ ಧಕ್ಕೆಯಲ್ಲೇ ರಿಪೇರಿ ಸಿಗುತ್ತದೆ, ಅವರಿಗೂ ಕೆಲಸ.

ಸತ್ತ ಬ್ಯಾಟರಿಯ ವಿಷಯವನ್ನೂ ಸಂಘವೇ ನೋಡಿಕೊಳ್ಳಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆಯುವ ಜವಾಬ್ದಾರಿ ತಯಾರಿಸಿ ಮಾರುವವರ ಮೇಲಿದೆ. ಗುಜರಿಗೆ ಹಾಕುವ ಮೊದಲು ಆಸಿಡ್ಡನ್ನು ಮರಳಿಗೋ ಹೊಳೆಗೋ ಚೆಲ್ಲುವುದು ನಿಲ್ಲಬೇಕು. ಅದರಲ್ಲಿ ಸೀಸ ಇದೆ. ಅಘನಾಶಿನಿಯಂಥ ಅಳಿವೆಯಲ್ಲಿ ಚಿಪ್ಪಿ ಆರಿಸಿ ಬದುಕುವವರು ನಮ್ಮವರೇ, ಅದನ್ನು ತಿನ್ನುವವರೂ ನಾವೇ.

ಮುಂದಿನ ಸಂಘದ ಸಭೆಯಲ್ಲಿ ಸೀಮೆಎಣ್ಣೆ, ಬಂದರಿನ ಹೂಳು, ಮೀನಿನ ದರ ಎಲ್ಲವೂ ಚರ್ಚೆಯಾಗುತ್ತವೆ, ಆಗಲಿ. ಅವುಗಳ ಕೊನೆಗೆ ಈ ಒಂದು ಸಾಲನ್ನೂ ಠರಾವಿನಲ್ಲಿ ಬರೆಸಿ: "ಸಂಘದ ಪ್ರತಿ ದೋಣಿಗೂ ಪ್ಯಾನೆಲ್, ಕಂಟ್ರೋಲರ್, ಒಂದು ಬಿಳಿ ದೀಪ." ಅದರ ಪ್ರತಿ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಲಿ. ಆಗಸ್ಟ್‌ನಲ್ಲಿ ಎಲ್ಲ ದೋಣಿಗಳೂ ನೀರಿಗಿಳಿಯುವ ಮೊದಲು ಈ ಕೆಲಸ ಶುರುವಾದರೆ ಈ ವರ್ಷದಿಂದಲೇ ಉಪಯೋಗ ಕಾಣುತ್ತದೆ.